ಅಳತೆಗೆ ಇಳಿಯದ್ದು

ದೊಡ್ಡವರು ಆಟವಾಡುವುದನ್ನು ಕಂಡರೆ ನಮ್ಮ ಜನಕ್ಕೆ ಒಂದು ಬಗೆಯ ಸಂಕೋಚ. ಇಸ್ಪೀಟಾದರೆ ಚಿಂತೆಯಿಲ್ಲ, ಅದರಲ್ಲಿ ನಾಲ್ಕು ಕಾಸಿನ ಲಾಭನಷ್ಟವಿದೆ. ಚದುರಂಗವಾದರೆ ಬುದ್ಧಿಗೆ ಕಸರತ್ತು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅರವತ್ತು ಎಪ್ಪತ್ತು ದಾಟಿದ ಗಂಡಸರು ಕೈಗೆಲ್ಲ ಎಣ್ಣೆ ಮಸಿ ಬಳಿದುಕೊಂಡು, ಮೊಣಕಾಲೆತ್ತರವೂ ಇಲ್ಲದ ಒಂದು ಉಗಿ ಎಂಜಿನಿನ ಬೆನ್ನ ಹಿಂದೆ ಕುಳಿತು, ಹೊರಟ ಜಾಗಕ್ಕೇ ಮರಳಿ ಬರುವ ಕಂಬಿಗಳ ಮೇಲೆ ಇಡೀ ದಿನ ಸುತ್ತು ಹಾಕುತ್ತಾರೆಂದರೆ ಏನೆನ್ನಬೇಕು? ಮನೆಯಲ್ಲಿ ಕೆಲಸವಿಲ್ಲವೆ ಎಂದು ಕೇಳುತ್ತೇವೆ. ನಾನೂ ಮನಸ್ಸಿನಲ್ಲಿಯೇ ಹಾಗೆ ಕೇಳಿಕೊಂಡು ಹೋದವನು. ಬರುವಾಗ ಆ ಪ್ರಶ್ನೆ ಎಲ್ಲಿಯೋ ಬಿದ್ದುಹೋಗಿ, ಅದರ ಜಾಗದಲ್ಲಿ ನನ್ನನ್ನೇ ಕುರಿತ ಇನ್ನೊಂದು ಪ್ರಶ್ನೆ ಬಂದು ಕುಳಿತಿತ್ತು.

ಕಳೆದ ವರ್ಷದ ಬೇಸಗೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ನಡುನಾಡಿನ ಒಂದು ಸಾಧಾರಣ ಪಟ್ಟಣ. ಪಕ್ಕದ ಮನೆಯಾತ ನಿವೃತ್ತ ಉಪಾಧ್ಯಾಯ. ನಾನು ಸರ್ಕಾರಿ ಕಾಮಗಾರಿಗಳ ಎಂಜಿನಿಯರಾಗಿದ್ದವನೆಂದು ಮಗಳು ಹೇಳಿದ್ದೇ ತಡ, ಆತನ ಮುಖ ಅರಳಿತು. 'ಎಂಜಿನಿಯರು' ಎಂದರೆ ಎಂಜಿನಿಗೆ ಸಂಬಂಧಪಟ್ಟವನೇ ಇರಬೇಕೆಂಬ ಸರಳ ನಂಬಿಕೆ. ಮೋರಿ, ಸೇತುವೆ, ರಸ್ತೆಯ ಲೆಕ್ಕದಲ್ಲಿ ಮೂವತ್ತು ವರ್ಷ ಕಳೆದವನೆಂದು ನಾನು ತಿದ್ದಲಿಲ್ಲ. ಭಾನುವಾರ ಬೆಳಿಗ್ಗೆ ತನ್ನ ಕಾರಿನಲ್ಲಿ ಊರ ಹೊರಗಿನ ಉದ್ಯಾನದ ಮೂಲೆಗೆ ಕರೆದುಕೊಂಡು ಹೋದ. ಅಲ್ಲಿ ಅವರ ಸಂಘದ ರೈಲುಹಾದಿ.

ಹಾದಿ ಎರಡು ಬಗೆ. ಒಂದು ನೆಲದ ಮೇಲೆಯೇ ಹಾಸಿದ್ದು, ಏಳೂಕಾಲು ಅಂಗುಲದ ಅಂತರದ ಕಂಬಿಗಳು. ಇನ್ನೊಂದು ಸೊಂಟದ ಎತ್ತರಕ್ಕೆ ಸ್ವಲ್ಪ ಕೆಳಗೆ, ಗಿಡ್ಡ ಕಂಬಗಳ ಮೇಲೆ ನಿಂತದ್ದು. ಅದರಲ್ಲಿ ಮೂರೂವರೆ ಅಂಗುಲದ ಎಂಜಿನೂ ಐದು ಅಂಗುಲದ ಎಂಜಿನೂ ಓಡುವಂತೆ ಮೂರು ಕಂಬಿಗಳಿವೆ. ಇಂಗ್ಲೆಂಡಿನ ನಿಜವಾದ ರೈಲಿನ ಕಂಬಿಗಳ ಅಂತರ ನಾಲ್ಕಡಿ ಎಂಟೂವರೆ ಅಂಗುಲ. ಮೂರೂವರೆ ಅಂಗುಲಕ್ಕೆ ಇಳಿದರೆ ಎಲ್ಲವೂ ಸರಿಸುಮಾರು ಹದಿನಾರರಲ್ಲಿ ಒಂದು ಪಾಲು. ಎತ್ತರದ ಹಾದಿಯಲ್ಲಿ ಚಾಲಕ ಉದ್ದನೆಯ ಬೆಂಚಿನಂಥ ಬಂಡಿಯ ಮೇಲೆ ಕುದುರೆ ಏರಿದಂತೆ ಎರಡು ಕಡೆಗೂ ಕಾಲಿಟ್ಟು ಕೂರುತ್ತಾನೆ. ಅವನ ಹಿಂದೆ ಮಕ್ಕಳು, ತಾಯಂದಿರು. ಹದಿನೈದು ಸೇರು ತೂಗದ ಯಂತ್ರವೇನೋ ಎಂದು ಕಣ್ಣು ಹೇಳುವ ಒಂದು ವಸ್ತು ನಾಲ್ಕೈದು ಜನ ಮೈತುಂಬಿದವರನ್ನು ಎಳೆದುಕೊಂಡು ಹೋಗುವುದನ್ನು ಕಂಡಾಗ ಮೊದಲು ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ.

ಬೆಳಗಿನ ಕೆಲಸ ನೋಡುವಂಥದು. ಬಾಯ್ಲರಿಗೆ ನೀರು ತುಂಬಿ, ಗಾಜಿನ ಕೊಳವೆಯಲ್ಲಿ ಮಟ್ಟ ನೋಡಿ, ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಲಿನ ಚೂರುಗಳನ್ನು ಒಲೆಗೆ ಹಾಕುತ್ತಾರೆ. ಚಿಮಣಿಯ ಬಾಯಿಗೆ ಒಂದು ಪುಟ್ಟ ವಿದ್ಯುತ್ ಬೀಸಣಿಗೆಯನ್ನು ಕೂರಿಸಿ ಗಾಳಿ ಎಳೆಸುತ್ತಾರೆ. ಕಡ್ಡಿ ಗೀರಿದ ಮೇಲೆ ಕಾಲು ಗಂಟೆ ಇಪ್ಪತ್ತು ನಿಮಿಷ. ಒತ್ತಡದ ಮುಳ್ಳು ಮೈಮುರಿದು ಎದ್ದ ಮೇಲೆ ಬೀಸಣಿಗೆ ತೆಗೆದು, ಎಂಜಿನು ತನ್ನ ಉಗಿಯಿಂದ ತಾನೇ ಗಾಳಿ ಎಳೆದುಕೊಳ್ಳುವಂತೆ ಮಾಡಿ, ಚಹಾ ಚಮಚೆಯಷ್ಟು ಗುದ್ದಲಿಯಿಂದ ಬಟಾಣಿಗಾತ್ರದ ಕಲ್ಲಿದ್ದಲನ್ನು ಉಣಿಸುತ್ತಾರೆ. ಬಿಸಿ ಉಗಿಯೂ ದಪ್ಪ ಎಣ್ಣೆಯೂ ಕಲ್ಲಿದ್ದಲ ಹೊಗೆಯೂ ಕೂಡಿದ ಆ ವಾಸನೆ ಮೂಗಿಗೆ ಬಂದೊಡನೆ ನಾನು ಹುಡುಗನಾಗಿ ಅರಸೀಕೆರೆ ಜಂಕ್ಷನ್ನಿನಲ್ಲಿ ಅಪ್ಪನ ಕೈ ಹಿಡಿದು ನಿಂತಿದ್ದೆ. ಅದು ಬೇರೆ ಕಥೆ.

ಕಲ್ಲಿದ್ದಲ ವಿಷಯ ಬಂದಾಗ ಎಲ್ಲರೂ ಗೊಣಗಿದರು. ಅವರಿಗೆ ಹಿಂದೆ ವೇಲ್ಸಿನ ಒಳ್ಳೆಯ ಇದ್ದಲು ಸಿಕ್ಕುತ್ತಿತ್ತು. ಮರ್ಥರ್ ಟಿಡ್‌ಫಿಲ್ ಬಳಿಯ ದೊಡ್ಡ ಬಯಲು ಗಣಿ 2023ರ ನವೆಂಬರಿನಲ್ಲಿ ಮುಚ್ಚಿತು. ಈಗ ಹೊರದೇಶದ್ದು, ಇಲ್ಲವೆ ಪುಡಿಗೂಡಿಸಿ ಒತ್ತಿದ ಉಂಡೆ. ವಿಚಿತ್ರವೆಂದರೆ ಕಂಬಿಯ ಮೇಲೆ ಉಗಿ ಎಂಜಿನು ಸರಕು ಹೊತ್ತು ಮೊದಲು ಓಡಿದ್ದೂ ಅದೇ ಮರ್ಥರ್ ಸೀಮೆಯಲ್ಲಿ. ರಿಚರ್ಡ್ ಟ್ರೆವಿಥಿಕ್ 1804ರ ಫೆಬ್ರವರಿಯಲ್ಲಿ ಹತ್ತು ಟನ್ನು ಕಬ್ಬಿಣವನ್ನೂ ಎಪ್ಪತ್ತು ಜನರನ್ನೂ ಎಳೆಸಿದ ಜಾಗ ಅದು. ಬ್ರಿಟಿಷ್ ರೈಲ್ವೆ ತನ್ನ ಮುಖ್ಯ ಹಾದಿಗಳಲ್ಲಿ ಉಗಿಗೆ ವಿದಾಯ ಹೇಳಿದ್ದು 1968ರ ಆಗಸ್ಟ್ 11ರಂದು. ಆ ಕೊನೆಯ ರೈಲಿನ ಟಿಕೀಟು ಹದಿನೈದು ಗಿನಿ. ಆಗ ಅದನ್ನು ನೋಡಲು ಹಳಿಯ ಬದಿಯಲ್ಲಿ ನಿಂತಿದ್ದ ಹುಡುಗರೇ ಈಗ ಈ ಉದ್ಯಾನದ ಮೂಲೆಯಲ್ಲಿ ತಲೆ ನರೆತು ಎಣ್ಣೆಡಬ್ಬಿ ಹಿಡಿದಿದ್ದಾರೆಂದು ನನ್ನ ನೆರೆಯಾತ ಹೇಳಿದ.

ಈ ಹವ್ಯಾಸಕ್ಕೆ ಆ ದೇಶದಲ್ಲಿ ದೊಡ್ಡ ಪರಂಪರೆಯೇ ಇದೆ. ಪರ್ಸಿವಲ್ ಮಾರ್ಷಲ್ ಎಂಬಾತ ಇದಕ್ಕೆಂದೇ ಒಂದು ಪತ್ರಿಕೆಯನ್ನು 1898ರಲ್ಲಿ ಆರಂಭಿಸಿದ. ಅದೇ ವರ್ಷ ಲಂಡನ್ನಿನಲ್ಲಿ ಸಂಘವೂ ಹುಟ್ಟಿತು. ಆದರೂ ಬಹುಕಾಲ ಸಣ್ಣ ಎಂಜಿನು ಆಟಿಕೆಯಾಗಿಯೇ ಇತ್ತು. ಅಷ್ಟು ಚಿಕ್ಕ ಒಲೆಯಲ್ಲಿ ಕಲ್ಲಿದ್ದಲು ಉರಿಯಲಾರದು, ಸ್ಪಿರಿಟ್ ದೀಪವೇ ಗತಿ, ಅದು ತನ್ನನ್ನು ತಾನು ಎಳೆದುಕೊಂಡರೆ ಸಾಕು ಎಂದು ತಿಳಿದವರು ಹೇಳುತ್ತಿದ್ದರು. 1920ರ ದಶಕದ ಆರಂಭದಲ್ಲಿ 'ಎಲ್.ಬಿ.ಎಸ್.ಸಿ.' ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದವನೊಬ್ಬ ಇದನ್ನು ಒಪ್ಪಲಿಲ್ಲ. ಹಿಂದೆ ಲಂಡನ್ ಬ್ರೈಟನ್ ರೈಲು ಕಂಪೆನಿಯಲ್ಲಿ ದುಡಿದಿದ್ದವನು. ಆ ಕಂಪೆನಿಯ ಮೊದಲಕ್ಷರಗಳೇ ಅವನ ಹೆಸರು. ಎರಡೂವರೆ ಅಂಗುಲದ ಹಾದಿಗೆಂದು ಆತ ಕಟ್ಟಿದ 'ಆಯೇಷಾ' ಎಂಬ ಎಂಜಿನು ಕಲ್ಲಿದ್ದಲನ್ನು ತಿಂದು ದೊಡ್ಡ ಮನುಷ್ಯನನ್ನೇ ಎಳೆಯಿತು. ಪತ್ರಿಕೆಯಲ್ಲಿ ಬಾಯ್ಲರುಗಳ ಕದನವೇ ನಡೆದುಹೋಯಿತು. 1967ರಲ್ಲಿ ತೀರಿಕೊಳ್ಳುವ ತನಕ ಆತ ಬರೆದ ಪಾಠಗಳನ್ನು ಓದಿಕೊಂಡು, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಎಂಜಿನು ಮಾಡಿಕೊಂಡ ಬಡಗಿಗಳಿಗೂ ಗುಮಾಸ್ತರಿಗೂ ಲೆಕ್ಕವಿಲ್ಲ.

ಆತ ಹೇಳುತ್ತ ಬಂದ ಒಂದು ಮಾತು ಈ ಸಂಘಗಳಲ್ಲಿ ಈಗ ಗಾದೆಯಂತೆ ಆಗಿದೆ. ನಕ್ಷೆಯನ್ನು ಹದಿನಾರಕ್ಕೆ ಇಳಿಸಬಹುದು, ಪ್ರಕೃತಿಯನ್ನು ಇಳಿಸಲಾಗದು ಎಂಬುದು ಅದರ ಸಾರ. ಸ್ವಲ್ಪ ಲೆಕ್ಕ ಹಾಕಿದರೆ ಇದರ ಸ್ವಾರಸ್ಯ ತಿಳಿಯುತ್ತದೆ. ಉದ್ದ ಹದಿನಾರರಲ್ಲಿ ಒಂದಾದರೆ, ಮೈಯ ವಿಸ್ತಾರ 256ರಲ್ಲಿ ಒಂದು, ಒಳಗೆ ಹಿಡಿಯುವ ನೀರು 4096ರಲ್ಲಿ ಒಂದು. ಅಂದರೆ ಇರುವ ನೀರಿಗೆ ಹೋಲಿಸಿದರೆ ಕಾವನ್ನು ಕಳೆದುಕೊಳ್ಳುವ ಮೈ ಹದಿನಾರು ಪಾಲು ಹೆಚ್ಚು; ಚಿಕ್ಕ ಬಾಯ್ಲರು ಬೇಗ ಆರುತ್ತದೆ. ದೊಡ್ಡ ಎಂಜಿನಿನ ಒತ್ತಡ ಚದರ ಅಂಗುಲಕ್ಕೆ 225, 250 ಪೌಂಡು. ಅದನ್ನೂ ಹದಿನಾರರಿಂದ ಭಾಗಿಸಿ ಹದಿನೈದು ಪೌಂಡು ಇಟ್ಟರೆ ಎಂಜಿನು ಕದಲುವುದೇ ಕಷ್ಟ. ಇವರು ಇಡುವುದು ಎಂಬತ್ತು, ತೊಂಬತ್ತು, ನೂರು. ನೀರಿನ ಹನಿಯಂತೂ ಯಾರ ನಕ್ಷೆಗೂ ಬಗ್ಗುವುದಿಲ್ಲ. ಮಟ್ಟ ತೋರಿಸುವ ಗಾಜಿನ ಕೊಳವೆ ತೀರ ಸಪೂರವಾದರೆ ಹನಿ ಗೋಡೆಗೆ ಅಂಟಿಕೊಂಡು, ಇಲ್ಲದ ನೀರನ್ನು ಇದೆಯೆಂದು ತೋರಿಸುತ್ತದೆ.

ಅಪಾಯವೂ ಹಾಗೆಯೇ. ನಾಲ್ಕಂಗುಲ ಉದ್ದ ನಾಲ್ಕಂಗುಲ ಅಗಲದ ಒಂದು ತಾಮ್ರದ ತಗಡು ಒಲೆಯ ಪಕ್ಕದಲ್ಲಿದೆಯೆನ್ನಿ. ಅಂಗೈಯಲ್ಲಿ ಮುಚ್ಚಬಹುದು. ಎಂಬತ್ತು ಪೌಂಡಿನ ಒತ್ತಡದಲ್ಲಿ ಅದರ ಮೇಲೆ ಬೀಳುವ ಭಾರ 1280 ಪೌಂಡು. ಅಂದರೆ ಚೆನ್ನಾಗಿ ಮೇದ ಒಂದು ಎಮ್ಮೆ ಆ ತಗಡಿನ ಮೇಲೆ ನಿಂತ ಹಾಗೆ. ಒಂದು ಕ್ಷಣವಲ್ಲ, ದಿನವಿಡೀ. ಒಳಗಿನ ನೀರಿನ ಕಾವು ನೂರು ಡಿಗ್ರಿಯಲ್ಲ, 160ಕ್ಕೂ ಮೇಲೆ. ಪಾತ್ರೆ ಒಡೆದರೆ ಅದರಲ್ಲಿ ಒಂದು ಭಾಗ ಆ ಗಳಿಗೆಯೇ ಉಗಿಯಾಗಿ, ತಾನಿದ್ದ ಜಾಗದ ಸಾವಿರದ ಆರುನೂರು ಪಾಲಿನಷ್ಟು ಜಾಗ ಕೇಳುತ್ತದೆ. ಎಂಜಿನು ಆಟದ್ದು, ಉಗಿ ಆಟದ್ದಲ್ಲ.

ಆದ್ದರಿಂದ ಇವರಲ್ಲಿ ಬಾಯ್ಲರಿನ ಪರೀಕ್ಷೆ ಕಟ್ಟುನಿಟ್ಟು. ಸರ್ಕಾರದ ಅಧಿಕಾರಿ ಯಾರೂ ಬರುವುದಿಲ್ಲ. ಸಂಘಗಳ ಒಕ್ಕೂಟಗಳೇ ಕೂಡಿ ಬರೆದುಕೊಂಡ ನಿಯಮಾವಳಿ, ಸಂಘದವರಲ್ಲೇ ತಿಳಿದವನೊಬ್ಬ ಪರೀಕ್ಷಕ, ಸಂಬಳವಿಲ್ಲ. ಹೊಸ ಬಾಯ್ಲರನ್ನು ಮೊದಲು ತಣ್ಣೀರು ತುಂಬಿ, ಓಡುವಾಗಿನ ಒತ್ತಡದ ಎರಡರಷ್ಟಕ್ಕೆ ಒತ್ತಿ ನೋಡುತ್ತಾರೆ. ನೀರು ಕುಗ್ಗದ ವಸ್ತುವಾದ್ದರಿಂದ ಬೆಸುಗೆ ಬಿಟ್ಟರೂ ಒಂದಿಷ್ಟು ಒಸರುತ್ತದೆ ಹೊರತು ಸಿಡಿಯುವುದಿಲ್ಲ. ಆಮೇಲೆ ಬೆಂಕಿ ಹಾಕಿ ಉಗಿಯ ಪರೀಕ್ಷೆ. ಸೇಫ್ಟಿ ವಾಲ್ವು ತಾನಾಗಿ ತೆರೆದುಕೊಂಡು ಹೆಚ್ಚಿನ ಉಗಿಯನ್ನು ಹೊರಗೆ ಬಿಡಬೇಕು. ಒಲೆ ಭರ್ತಿ ಉರಿಯುತ್ತಿದ್ದರೂ ಒತ್ತಡ ನಿಗದಿಗಿಂತ ನೂರಕ್ಕೆ ಹತ್ತರಷ್ಟನ್ನು ಮೀರಬಾರದು. ಪಾಸಾದರೆ ಒಂದು ಕಾಗದ. ಆ ಕಾಗದ ತೋರಿಸಿದರೆ ಬೇರೆ ಊರಿನ ಸಂಘದ ಹಾದಿಯಲ್ಲೂ ಓಡಿಸಬಹುದು. ಇನ್ನೊಂದು ನಿಯಮ ನನಗೆ ಬಹಳ ಹಿಡಿಸಿತು: ಪರೀಕ್ಷಕ ತನ್ನ ಸ್ವಂತ ಬಾಯ್ಲರಿಗೆ ತಾನೇ ಕಾಗದ ಬರೆದುಕೊಳ್ಳುವ ಹಾಗಿಲ್ಲ.

ಆ ಭಾನುವಾರ ಒಂದು ಹೊಸ ಎಂಜಿನು ಪರೀಕ್ಷೆಗೆ ಬಂದಿತ್ತು. ಹೊಸದೆಂದರೆ ಅದನ್ನು ಮಾಡಿದಾತ ಹತ್ತೊಂಬತ್ತು ವರ್ಷ ಮಾಡಿದ್ದ. ವಯಸ್ಸು ಎಂಬತ್ತರ ಮೇಲೆ. ಮೂರೂವರೆ ಅಂಗುಲದ, ಕಡುಹಸುರು ಬಣ್ಣದ ಎಂಜಿನು. ಒಂದೊಂದು ತಿರುಪನ್ನೂ ತಾನೇ ಲೇತಿಗೆ ಕಟ್ಟಿ ಮಾಡಿದ್ದನಂತೆ. ನಡುವೆ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡ ನಾಲ್ಕು ವರ್ಷ ಅದು ಬಟ್ಟೆ ಹೊದ್ದು ಕುಳಿತಿತ್ತು. ಈಗ ಆಸ್ಟ್ರೇಲಿಯದಿಂದ ಮೊಮ್ಮಗಳು ಬಂದಿದ್ದಾಳೆ, ಹನ್ನೊಂದು ವರ್ಷದವಳು, ಮಂಗಳವಾರ ಮರಳಿ ಹೋಗುವವಳು. ಅವಳನ್ನು ಮೊದಲ ಸುತ್ತಿಗೆ ಕೂರಿಸಿಕೊಳ್ಳಬೇಕೆಂದು ಆತನ ಆಸೆ. ತಣ್ಣೀರಿನ ಪರೀಕ್ಷೆ ಚಳಿಗಾಲದಲ್ಲೇ ಆಗಿತ್ತು. ಉಗಿಯದು ಉಳಿದಿತ್ತು.

ಪರೀಕ್ಷಕ ಆತನ ಮೂವತ್ತು ವರ್ಷದ ಗೆಳೆಯ. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಫಿಟ್ಟರುಗಳಾಗಿದ್ದವರು. ಎಂಜಿನಿನ ಎಷ್ಟೋ ಭಾಗಗಳನ್ನು ಮಾಡುವಾಗ ಇವನೇ ಪಕ್ಕದಲ್ಲಿ ನಿಂತು ಕೈಕೊಟ್ಟವನು. ಅವನು ತನ್ನ ಚೀಲದಿಂದ ತಾಳೆ ನೋಡಿದ ಮಾಪಕವೊಂದನ್ನು ತೆಗೆದು ಜೋಡಿಸಿದ. ಬೆಂಕಿ ಏರಿತು. ಮುಳ್ಳು ಎಂಬತ್ತಕ್ಕೆ ಬಂದಾಗ ವಾಲ್ವು ಬುಸ್ಸೆಂದಿತು. ಸುತ್ತ ನಿಂತವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಪರೀಕ್ಷಕ ಮಾತ್ರ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಅದು ನಿಧಾನವಾಗಿ ಏರುತ್ತಲೇ ಇತ್ತು. ಎಂಬತ್ತಾರು, ಎಂಬತ್ತೆಂಟು. ತೊಂಬತ್ತೊಂದಕ್ಕೆ ಬಂದು ನಿಂತಿತು.

ಬೆಂಕಿಯನ್ನು ತಗ್ಗಿಸಿ ಮತ್ತೊಮ್ಮೆ ನೋಡಿದರು. ಮತ್ತೆ ತೊಂಬತ್ತೊಂದು. ವಾಲ್ವಿನ ಬಾಯಿ ಸ್ವಲ್ಪ ಕಿರಿದಾಗಿತ್ತೋ ಸ್ಪ್ರಿಂಗು ಬಿರುಸಾಗಿತ್ತೋ. ಒಂದು ಸಂಜೆಯ ಕೆಲಸ, ಆದರೆ ಆ ಸಂಜೆಯ ಕೆಲಸವನ್ನು ಅಲ್ಲಿ ಆಗಲೇ ಮಾಡುವ ಹಾಗಿರಲಿಲ್ಲ.

"ಈ ಹೊತ್ತು ಬೇಡ" ಎಂದ ಪರೀಕ್ಷಕ.

ಮುದುಕ ಮಾತಾಡಲಿಲ್ಲ. ಗೆಳೆಯನ ಮುಖವನ್ನೂ ನೋಡಲಿಲ್ಲ. ಹುಡುಗಿ ಒಮ್ಮೆ ಅಜ್ಜನ ಕಡೆಗೂ ಒಮ್ಮೆ ಎಂಜಿನಿನ ಕಡೆಗೂ ನೋಡಿದಳು. ಆತ ಬಗ್ಗಿ ಒಲೆಯ ತಳದ ಜಾಲರಿಯನ್ನು ಕಳಚಿ ಕೆಂಡವನ್ನು ತಟ್ಟೆಗೆ ಬೀಳಿಸಿದ. ಸ್ವಲ್ಪ ಹೊತ್ತು ಕಳೆದು ಇನ್ನೊಬ್ಬರ ಎಂಜಿನು ಎಳೆಯುತ್ತಿದ್ದ ಬಂಡಿಯಲ್ಲಿ ಮೊಮ್ಮಗಳನ್ನು ಕೂರಿಸಿ, ತಾನು ಗಾರ್ಡಿನ ಜಾಗದಲ್ಲಿ ಹಿಂದೆ ಕೂತು ಹೋದ.

ಮಧ್ಯಾಹ್ನ ಚಹದ ಹೊತ್ತಿಗೆ ಪರೀಕ್ಷಕ ಒಬ್ಬನೇ ಬೆಂಚಿನ ಮೇಲಿದ್ದ. ನಾನು ಪರದೇಶಿ, ಮುದುಕ. ಇಂಥವರಿಗೆ ಕೇಳಬಾರದ್ದನ್ನು ಕೇಳುವ ಸಲಿಗೆ ಉಂಟು. "ತೊಂಬತ್ತೊಂದಕ್ಕೆ ಸಿಡಿಯುತ್ತಿತ್ತೆ?" ಎಂದೆ.

"ಇಲ್ಲ. ಅದನ್ನು ನೂರ ಅರವತ್ತಕ್ಕೆ ಒತ್ತಿ ನೋಡಿದವನು ನಾನೇ. ಆ ಬೆಸುಗೆ ನನಗಿಂತ ಗಟ್ಟಿ."

"ಹಾಗಾದರೆ?"

"ನೋಡಿದೆ, ಸರಿಯಿತ್ತು ಎಂದು ನಾನು ಸಹಿ ಹಾಕಬೇಕು. ನೋಡಿದೆ. ಸರಿಯಿರಲಿಲ್ಲ."

ಅಷ್ಟು ಹೇಳಿ ಬಟ್ಟಲಿನ ತಳದ ಚಹವನ್ನು ಹುಲ್ಲಿನ ಮೇಲೆ ಚೆಲ್ಲಿ ಎದ್ದುಹೋದ. ಅವನ ಕಣ್ಣು ಕೆಂಪಾಗಿತ್ತು. ಹೊಗೆಗೋ ಏನೋ, ನಾನು ಹೇಳಲಾರೆ.

ಮನೆಗೆ ಬಂದು ಈ ಸಂಗತಿಯನ್ನು ಹೇಳಿದಾಗ ಮಗಳಿಗೆ ಸಿಟ್ಟೇ ಬಂತು. "ಅಪ್ಪಾ, ಅವರೂ ಮನುಷ್ಯರಾ? ಮೂರು ಪೌಂಡು! ಆ ಮಗು ಇನ್ನು ಯಾವಾಗ ಬರುತ್ತೋ, ಬಂದಾಗ ಅಜ್ಜ ಇರ್ತಾರೋ ಇಲ್ವೋ" ಎಂದಳು. ಕೇವಲ ಮರುಕದ ಮಾತಾಗಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಅವಳು ಮುಂದುವರಿದು ಕೇಳಿದ್ದು ಗಟ್ಟಿಯಾದ ಪ್ರಶ್ನೆ. "ಎಂಬತ್ತೆಂಟು ಅಂತ ಯಾರು ಹೇಳಿದ್ದು? ನೂರಕ್ಕೆ ಹತ್ತು ಅನ್ನೋ ಬದಲು ನೂರಕ್ಕೆ ಹದಿನೈದು ಅಂತ ಬರೆದಿದ್ದರೆ ತೊಂಬತ್ತೊಂದು ಸರಿಯಾಗ್ತಿತ್ತಲ್ಲ? ಮನುಷ್ಯರೇ ಎಳೆದ ಗೆರೆಗೆ ಮನುಷ್ಯನನ್ನು ನೋಯಿಸಬೇಕಾ?"

ಇದಕ್ಕೆ ಉತ್ತರ ಸುಲಭವಲ್ಲ. ಗೆರೆ ಎಳೆದದ್ದು ಮನುಷ್ಯರೇ ಸರಿ. ಎಂಬತ್ತೆಂಟಕ್ಕೆ ತಾಮ್ರ ಗಟ್ಟಿಯಾಗಿದ್ದು ಎಂಬತ್ತೊಂಬತ್ತಕ್ಕೆ ಮೆತ್ತಗಾಗುವುದಿಲ್ಲ. ಹದಿನೆಂಟು ತುಂಬಿದ ಬೆಳಿಗ್ಗೆ ಯಾರಿಗೂ ಬುದ್ಧಿ ಬರುವುದಿಲ್ಲ, ಮೂವತ್ತೈದು ಅಂಕ ಬಂದವನು ಮೂವತ್ತನಾಲ್ಕು ಬಂದವನಿಗಿಂತ ಪಂಡಿತನಲ್ಲ. ಪ್ರಕೃತಿಯಲ್ಲಿ ಇಳಿಜಾರು ಇರುವ ಕಡೆ ನಾವು ಮೆಟ್ಟಿಲು ಕಡಿಯುತ್ತೇವೆ. ಹಾಗಿರುವಾಗ ಮೆಟ್ಟಿಲಿನ ಅಂಚಿನಲ್ಲಿ ನಿಂತವನನ್ನು ಕೈಹಿಡಿದು ಈಚೆಗೆ ಎಳೆದುಕೊಂಡರೆ ತಪ್ಪೇನು? ನಮ್ಮ ಹಿರಿಯರು ಇದಕ್ಕೆ ದಾಕ್ಷಿಣ್ಯವೆಂದು ಹೆಸರಿಟ್ಟು, ಅದನ್ನು ಗುಣಗಳ ಸಾಲಿನಲ್ಲಿಯೇ ಎಣಿಸಿದ್ದಾರೆ. ದಾಕ್ಷಿಣ್ಯವಿಲ್ಲದವನನ್ನು ನಾವು ಒಳ್ಳೆಯ ಮನುಷ್ಯನೆನ್ನುವುದಿಲ್ಲ, ನಿಷ್ಠುರಿ ಎನ್ನುತ್ತೇವೆ.

ಆದರೆ ಪರೀಕ್ಷಕನ ಎದುರಿಗೆ ಇದ್ದದ್ದು ಎಂಬತ್ತೆಂಟು ಸರಿಯೋ ತೊಂಬತ್ತೊಂದು ಸರಿಯೋ ಎಂಬ ಪ್ರಶ್ನೆಯಲ್ಲವೆಂದು ನನಗೆ ತೋರುತ್ತದೆ. ಗೆರೆ ಎಲ್ಲಿರಬೇಕೆಂಬುದನ್ನು ಸಭೆಯಲ್ಲಿ ಕುಳಿತು ಬದಲಾಯಿಸಬಹುದು, ಅದಕ್ಕೆ ಅವನ ವಿರೋಧವೂ ಇದ್ದಂತಿಲ್ಲ. ಮುಳ್ಳು ನಿಂತದ್ದು ತೊಂಬತ್ತೊಂದಕ್ಕೆ. ಅದು ಯಾರೂ ಎಳೆದ ಗೆರೆಯಲ್ಲ. ನೋಡಿದ್ದನ್ನು ನೋಡಿದೆನೆಂದು ಹೇಳುವ ಒಬ್ಬ ಸಾಕ್ಷಿ ಬೇಕಾಗಿತ್ತು. ಆ ಕಾಗದವನ್ನು ಓದುವವರು ಅವನನ್ನು ಕಂಡವರಲ್ಲ. ಬೇರೆ ಊರಿನ ಹಾದಿಯಲ್ಲಿ ಆ ಎಂಜಿನಿನ ಹಿಂದೆ ಮಗುವನ್ನು ಕೂರಿಸುವ ಯಾವಳೋ ತಾಯಿಗೆ ಅವನ ಸ್ನೇಹವೂ ಗೊತ್ತಿಲ್ಲ, ಹತ್ತೊಂಬತ್ತು ವರ್ಷದ ಕಥೆಯೂ ಗೊತ್ತಿಲ್ಲ. ಎದುರಿಗಿರುವ ಗೆಳೆಯನಿಗೆ ಅವನು ತೋರುವ ದಾಕ್ಷಿಣ್ಯದ ಖರ್ಚು ಎದುರಿಗಿಲ್ಲದ ಅವಳ ಲೆಕ್ಕಕ್ಕೆ ಬೀಳುತ್ತದೆ. ಇನ್ನೊಬ್ಬರ ಗಂಟಿನಿಂದ ದಾನ ಮಾಡುವುದನ್ನು ದಾನವೆಂದು ಕರೆಯಬಹುದೆ?

ಹೀಗೆಲ್ಲ ಮಗಳಿಗೆ ನಾನು ಹೇಳಿದೆನೆಂದಲ್ಲ. ಹೇಳಲು ಬಾಯಿ ಬರಲಿಲ್ಲ. ನನಗೆ ನೆನಪಾಗಿದ್ದದ್ದು ಒಂದು ಮೋರಿ.

1974ರ ಮಾರ್ಚ್ ತಿಂಗಳು. ಮಲೆನಾಡಿನ ಒಂದು ಹಳ್ಳಿಯ ದಾರಿಗೆ ಮೂರಡಿಯ ಕಲ್ಲುಮೋರಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಲಿಲ್ಲ. ನಮ್ಮ ಕೆಲಸದಲ್ಲಿ ಅಳತೆ ಪುಸ್ತಕವೆಂಬುದೊಂದಿದೆ, ಎಂ. ಬುಕ್ಕು ಎಂದರೆ ಎಲ್ಲರಿಗೂ ಗೊತ್ತು. ಆದ ಕೆಲಸವನ್ನು ಸ್ಥಳದಲ್ಲಿ ನಿಂತು ಅಳೆದು ಅದರಲ್ಲಿ ಬರೆಯಬೇಕು, ಬರೆದದ್ದಕ್ಕೆ ದುಡ್ಡು. ನಾನು ಹೋಗುವ ಹೊತ್ತಿಗೆ ಅಡಿಪಾಯ ತುಂಬಿ ಮೇಲೆ ಕಟ್ಟಡ ಎದ್ದಿತ್ತು. ಅಡಿಪಾಯದ ಆಳವನ್ನು ನಾನು ನೋಡಿರಲಿಲ್ಲ. ತೋಡಿಸಿ ನೋಡಬೇಕು, ಇಲ್ಲವೆ ನೋಡಿಲ್ಲವೆಂದು ಬರೆಯಬೇಕು. ಮಾರ್ಚ್ ಮೂವತ್ತೊಂದಕ್ಕೆ ಹಣ ಲ್ಯಾಪ್ಸು. ಗುತ್ತಿಗೆದಾರ ಬಡವ, ಮಗಳ ಮದುವೆ ವೈಶಾಖಕ್ಕೆ ಗೊತ್ತಾಗಿತ್ತು. "ಸ್ವಾಮಿ, ಮೂರಡಿ ಮೋರಿ. ಕಾವೇರಿಗೆ ಕಟ್ಟೆ ಕಟ್ಟಿದ್ದೀನಾ?" ಎಂದ. ನನಗೂ ಹಾಗೆಯೇ ತೋರಿತು. ನಕ್ಷೆಯಲ್ಲಿದ್ದ ಆಳವನ್ನೇ ಅಳತೆ ಎಂದು ಬರೆದು ಸಹಿ ಮಾಡಿದೆ. ಒಂದು ಬಿಡಿಕಾಸನ್ನೂ ನಾನು ಮುಟ್ಟಲಿಲ್ಲ. ಮದುವೆಗೆ ಕರೆದ, ಹೋಗಿ ಊಟ ಮಾಡಿ ಬಂದೆ. ಅದೇ ನನ್ನ ಲಂಚವೆನ್ನುವುದಾದರೆ ಹೋಳಿಗೆ ಚೆನ್ನಾಗಿತ್ತು.

ಮೋರಿ ಕುಸಿಯಲಿಲ್ಲ. ಕಥೆಗಾರನಾಗಿದ್ದರೆ ಕುಸಿಯುವಂತೆ ಮಾಡುತ್ತಿದ್ದೆ. ಆದರೆ ನಿಜ ಹೇಳಬೇಕು. ಆರು ವರ್ಷದ ಹಿಂದೆ ಆ ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಿ ಇಳಿದು ನೋಡಿದೆ. ಜರಿಗಿಡ ಬೆಳೆದುಕೊಂಡು, ತಣ್ಣಗೆ ನೀರು ಹರಿಸುತ್ತ ಇದೆ. ಪಾಪ, ಗುತ್ತಿಗೆದಾರ ಆಳಕ್ಕೇ ತೋಡಿದ್ದಿರಬೇಕು. ಹಾಗಾದರೆ ನಾನು ಮಾಡಿದ್ದು ತಪ್ಪೆ? ನಾನು ಬರೆದ ಅಂಕಿ ನಿಜವೇ ಆಗಿರಬಹುದಲ್ಲ. ಬಹಳ ವರ್ಷ ಈ ಸಮಾಧಾನದಲ್ಲೇ ಇದ್ದೆ. ಅಂಕಿ ನಿಜವಿರಬಹುದು, 'ಅಳೆದೆ' ಎಂಬ ಮಾತು ಸುಳ್ಳು. ಮೋರಿ ನಿಂತಿರುವುದು ನನ್ನ ಪುಣ್ಯವಲ್ಲ, ಇನ್ನೊಬ್ಬನ ಪ್ರಾಮಾಣಿಕತೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷದ ಮಾರ್ಚಿನಲ್ಲಿ ಬೇರೊಬ್ಬ ಗುತ್ತಿಗೆದಾರನ ಗುಮಾಸ್ತ ಅಳತೆ ಪುಸ್ತಕವನ್ನು ಮನೆಗೇ ತಂದ. ಸ್ಥಳಕ್ಕೆ ಬನ್ನಿ ಎಂದು ಕರೆಯಲೂ ಇಲ್ಲ. ನಾನು ರೇಗಿದೆ. ಅವನಿಗೆ ನಿಜವಾಗಿ ಆಶ್ಚರ್ಯವಾಯಿತು. "ಅವರಿಗೆ ಮಾಡಿಕೊಟ್ಟಿರಂತಲ್ಲ ರಾಯರೆ? ನಮ್ಮ ಧಣಿಗಳು ಏನು ತಪ್ಪು ಮಾಡಿದ್ದಾರೆ?" ಎಂದ. ಅವನ ಮಾತಿನಲ್ಲಿ ಕುಯುಕ್ತಿಯಿರಲಿಲ್ಲ, ನ್ಯಾಯವೇ ಇತ್ತು. ಒಬ್ಬನ ಮಗಳ ಮದುವೆಗೆ ಕರಗಿದವನು ಇನ್ನೊಬ್ಬನ ಸಾಲಕ್ಕೆ ಏಕೆ ಕರಗಬಾರದು? ಆ ಪುಸ್ತಕವನ್ನು ಹಿಂದಕ್ಕೆ ಕಳುಹಿಸಿದೆ, ನಿಜ. ಆದರೆ ಕಳುಹಿಸುವಾಗ ಕೈಗೆ ಬಲವಿರಲಿಲ್ಲ. ಆಮೇಲಿನ ಮೂವತ್ತು ವರ್ಷದಲ್ಲಿ ನಾನು ನೋಡಿಯೇ ಹಾಕಿದ ಸಹಿಗಳಿಗೂ ಜನ ಕೊಡುತ್ತಿದ್ದ ಬೆಲೆ ಏನಿತ್ತೆಂದು ನನಗೆ ತಿಳಿಯದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಹೈಸ್ಕೂಲಿನಲ್ಲಿ ವಿಸ್ತರಿಸಿ ಬರೆದು ಅಂಕ ತೆಗೆದುಕೊಂಡವನು ನಾನು.

ಈ ಸಂದರ್ಭದಲ್ಲಿ ಯಾರಿಗಾದರೂ ಧರ್ಮರಾಜ ನೆನಪಾಗುವುದು ಸಹಜ. ಅಶ್ವತ್ಥಾಮನೆಂಬ ಆನೆಯನ್ನು ಭೀಮ ಕೊಂದದ್ದು ನಿಜ. ಧರ್ಮರಾಜ ಹೇಳಿದ್ದೂ ಅಕ್ಷರಶಃ ಸುಳ್ಳಲ್ಲ. 'ಆನೆ' ಎಂಬುದನ್ನು ದ್ರೋಣನಿಗೆ ಕೇಳದಷ್ಟು ತಗ್ಗಿಸಿ ಹೇಳಿದ, ಅಷ್ಟೆ. ಹೇಳಿಸಿದವನು ಸಾಕ್ಷಾತ್ ಕೃಷ್ಣ. ಅಲ್ಲಿಯ ತನಕ ನೆಲಕ್ಕೆ ನಾಲ್ಕು ಬೆರಳು ಮೇಲೆ ನಿಂತು ಓಡುತ್ತಿದ್ದ ರಥ ಆಗ ನೆಲಕ್ಕಿಳಿಯಿತು. ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ, ಇದೇನು ಶಿಕ್ಷೆ ಎನ್ನಿಸುತ್ತಿತ್ತು. ಸಿಡಿಲು ಬೀಳಲಿಲ್ಲ, ಚಕ್ರ ಹೂಳಲಿಲ್ಲ, ಕುದುರೆ ಮುಗ್ಗರಿಸಲಿಲ್ಲ. ಬರೇ ನಾಲ್ಕು ಬೆರಳು. ಮಿಕ್ಕವರ ರಥಗಳೆಲ್ಲ ಮೊದಲಿನಿಂದಲೂ ನೆಲದ ಮೇಲೆಯೇ ಓಡುತ್ತಿದ್ದವು. ಅವನೂ ಎಲ್ಲರ ಹಾಗೆ ಆದ, ಇನ್ನೇನು? ಯುದ್ಧದ ಧೂಳಿನಲ್ಲಿ ಅದನ್ನು ಗಮನಿಸಿದವರು ಎಷ್ಟು ಜನ? ಇಳಿದದ್ದು ರಥದಲ್ಲಿ ಕುಳಿತವನಿಗೆ ತಿಳಿದಿರಬೇಕು. ಅಲ್ಲಿಂದ ಮುಂದೆ ಪ್ರತಿ ಕಲ್ಲೂ ತಾಗಿರಬೇಕು. ಮೋರಿಯ ಆ ಸಹಿಯಾದ ಮೇಲೆ ಕಚೇರಿಯಲ್ಲಿ ನನಗೆ ಸ್ನೇಹಿತರು ಹೆಚ್ಚಾದರು. 'ಈತ ನಮ್ಮವನು' ಎಂಬ ಸಲುಗೆ ಬಂತು. ಅದು ಹಿತವಾಗಿಯೇ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ.

ಇಷ್ಟು ಬರೆದ ಮೇಲೂ ಮಗಳ ಸಿಟ್ಟು ಪೂರ್ತಿ ತಪ್ಪೆಂದು ನಾನು ಹೇಳಲಾರೆ. ನಿಯಮದ ಹೆಸರಿನಲ್ಲಿ ಕ್ರೌರ್ಯ ನಡೆಸುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಒಂದು ಮೊಹರು ಮಸುಕಾಗಿದೆಯೆಂದು ವಿಧವೆಯ ಪಿಂಚಣಿಯನ್ನು ಹಿಡಿದಿಡುವವನೂ 'ನಿಯಮ' ಎನ್ನುತ್ತಾನೆ. ಅವನಿಗೂ ಈ ಪರೀಕ್ಷಕನಿಗೂ ಏನು ಭೇದ? ನಾನು ಕಂಡದ್ದು ಇಷ್ಟೆ: ಗುಮಾಸ್ತನಿಗೆ ಇಲ್ಲವೆಂದದ್ದರಿಂದ ಏನೂ ಖರ್ಚಾಗಲಿಲ್ಲ, ಪರೀಕ್ಷಕನಿಗೆ ಆಯಿತು. ಮತ್ತೆ, ಗುಮಾಸ್ತ ನೋಡುವುದು ಕಾಗದವನ್ನು, ಇವನು ನೋಡಿದ್ದು ಮುಳ್ಳನ್ನು. ಇದು ಸಾಕಾದ ಉತ್ತರವೋ ಅಲ್ಲವೋ ಓದುಗರು ತೀರ್ಮಾನಿಸಬೇಕು. ನೋವಾಗುವುದೇ ಸತ್ಯದ ಗುರುತು ಎಂದು ಹೇಳಹೊರಟರೆ ಅದು ಇನ್ನೊಂದು ಮೌಢ್ಯವಾದೀತು.

ಇಷ್ಟೆಲ್ಲ ಕಟ್ಟುನಿಟ್ಟು ಯಾವ ಪ್ರಯೋಜನಕ್ಕೆ ಎಂದರೆ ಅದಕ್ಕೂ ಅವರಲ್ಲಿ ಲೆಕ್ಕವಿದೆ. ಎಂಜಿನುಗಳ ದಕ್ಷತೆಯನ್ನು ಅಳೆಯುವ ಸ್ಪರ್ಧೆಯೊಂದು 1969ರಲ್ಲಿ ಆರಂಭವಾಯಿತು. ಕಲ್ಲಿದ್ದಲನ್ನು ತೂಕ ಮಾಡಿ ಕೊಡುತ್ತಾರೆ, ಎಳೆದ ಕೆಲಸವನ್ನು ಅಳೆಯುವ ಬಂಡಿಯೊಂದನ್ನು ಹಿಂದೆ ಕಟ್ಟುತ್ತಾರೆ. ಇದ್ದಲಿನ ಕಾವಿನಲ್ಲಿ ನೂರಕ್ಕೆ ಎರಡು ಪಾಲು ಎಳೆತಕ್ಕೆ ಒದಗಿದರೆ ಒಳ್ಳೆಯ ಎಂಜಿನು. ಮಿಕ್ಕ ತೊಂಬತ್ತೆಂಟು ಆಕಾಶಕ್ಕೆ. ನೆರೆಯಾತ ಇದನ್ನು ಬಹಳ ಹೆಮ್ಮೆಯಿಂದ ಹೇಳಿದ. ನಮ್ಮ ಸಜ್ಜನಿಕೆಯ ಲೆಕ್ಕ ತೆಗೆದರೂ ಇದಕ್ಕಿಂತ ಬಹಳ ಹೆಚ್ಚಾಗಲಿಕ್ಕಿಲ್ಲ.

ಆ ದಿನ ಸಂಜೆ ಐದಕ್ಕೆ ಮಕ್ಕಳೆಲ್ಲ ಹೋದ ಮೇಲೆ ಎಂಜಿನುಗಳು ಒಂದೊಂದಾಗಿ ಕಟ್ಟೆಗೆ ಬಂದವು. ಕೆಂಡ ಬೀಳಿಸಿ, ಉಳಿದ ಉಗಿಯ ಬಲದಿಂದಲೇ ಬಾಯ್ಲರಿನ ನೀರನ್ನು ಹೊರಕ್ಕೆ ಬಿಟ್ಟರು. ಮೈದಾನದ ತುಂಬ ಬಿಳಿ ಮೋಡ. ಆಮೇಲೆ ಕೊಳವೆಗಳಿಗೆ ಉದ್ದನೆಯ ಕುಂಚ ಹಾಕಿ ಮಸಿ ತೆಗೆದು, ಬೂದಿ ಗುಡಿಸಿ, ಕಬ್ಬಿಣದ ಭಾಗಗಳಿಗೆ ಎಣ್ಣೆ ಸವರಿ, ಮಗುವಿಗೆ ಹೊದಿಸಿದಂತೆ ಹಳೆಯ ಕಂಬಳಿ ಹೊದಿಸಿದರು. ಮುದುಕ ತನ್ನ ಹಸುರು ಎಂಜಿನಿನಿಂದ ಸೇಫ್ಟಿ ವಾಲ್ವನ್ನು ಕಳಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದ. ಎಂಜಿನನ್ನು ಕಾರಿಗೆ ಎತ್ತಲು ಒಬ್ಬನಿಂದಾಗದು. ಪರೀಕ್ಷಕ ಬಂದು ಇನ್ನೊಂದು ಕೊನೆ ಹಿಡಿದ. ಇಬ್ಬರೂ ಮಾತಾಡದೆ ಎತ್ತಿ ಇಟ್ಟರು. ಅಜ್ಜನ ಜೇಬನ್ನು ಮುಟ್ಟಿ ಮೊಮ್ಮಗಳು ಏನೋ ಕೇಳಿದಳು. ಆತ ಗಂಟನ್ನು ಬಿಚ್ಚಿ ಅವಳ ಅಂಗೈಯ ಮೇ ಲಿಟ್ಟು ತೋರಿಸಿದ.

ನಾನು ಊರಿಗೆ ಬಂದ ಒಂದು ತಿಂಗಳಿಗೆ ನೆರೆಯಾತನ ಕಾಗದ ಬಂತು. ವಾಲ್ವಿನ ಬಾಯನ್ನು ಅಗಲಿಸಿ ತಂದಿದ್ದನಂತೆ. ಮುಳ್ಳು ಎಂಬತ್ತನಾಲ್ಕಕ್ಕೆ ನಿಂತಿತಂತೆ. ಅದೇ ಪರೀಕ್ಷಕ ಅಲ್ಲಿಯೇ ಕಾಗದ ಬರೆದುಕೊಟ್ಟ. ಹಿಂದಿನ ಬಂಡಿಯಲ್ಲಿ ಯಾರನ್ನೂ ಕೂರಿಸಿಕೊಳ್ಳದೆ ಮುದುಕ ಹನ್ನೊಂದು ಸುತ್ತು ಹಾಕಿದನೆಂದು ನೆರೆಯಾತ ಎಣಿಸಿ ಬರೆದಿದ್ದಾನೆ.